ಅರ್ಧ ಸುತ್ತು

ಅಕ್ಟೋಬರ್ ೪

ಮಾವನವರಿಗೆ ನಮಸ್ಕಾರಗಳು.

ನನ್ನ ಅಕ್ಷರ ನಿಮಗೆ ಪರಿಚಯವಿಲ್ಲ. ಮುಖವೂ ಅಷ್ಟಾಗಿ ನೆನಪಿರಲಾರದು. ಐದು ವರ್ಷದ ಹಿಂದೆ ನಿಮ್ಮ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು "ಒಳಗೆ ಬರ್ಲಾ?" ಎಂದು ಕೇಳಿದ್ದೆ, ನೀವು ಕಾರಿನ ಅಡಿಯಿಂದಲೇ "ಬೇಡ" ಎಂದಿದ್ದಿರಿ. ನಾನು ನಿಮ್ಮ ಮಗಳ ಗಂಡ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ಈ ಕಾಗದ ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ವಿಷಯ ಕಾರಿನದು. ಅವಳು ನಿಮ್ಮ ಮನೆ ಬಿಟ್ಟಾಗ ತಂದಿದ್ದು ಒಂದು ಬಟ್ಟೆಯ ಗಂಟು ಮತ್ತು ಆ ಹಸಿರು ಕಾರು. ನಮ್ಮಿಬ್ಬರಿಗಿಂತ ಹಳೆಯದು, ನಿಮ್ಮಲ್ಲೇ ಅವಳು ಪೂರ್ತಿ ಬಿಚ್ಚಿ, ಬೋಲ್ಟಿಗೆ ಬೋಲ್ಟು ಸೇರಿಸಿ ಮತ್ತೆ ಕಟ್ಟಿದ್ದು. ಇಷ್ಟು ದಿನ ಚೆನ್ನಾಗಿ ಓಡುತ್ತಿತ್ತು. ಈಗ ಮನೆಯಿಂದ ಪೇಟೆಗೆ ಗುಡ್ಡ ಇಳಿಯುವಾಗ, ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಸೈಲೆನ್ಸರಿನಿಂದ ಪಟ್, ಪಟಾರ್ ಎಂದು ಹೊಡೆಯುತ್ತದೆ. ಮೊನ್ನೆ ಒಬ್ಬಾಕೆ ಕೈಚೀಲ ಅಲ್ಲೇ ಬಿಟ್ಟು ಓಡಿದಳು. ಇಲ್ಲಿಯ ಮೆಕ್ಯಾನಿಕ್ಕುಗಳಿಗೆ ತೋರಿಸಿದರೆ "ಮ್ಯೂಸಿಯಮ್ಮಿಗೆ ಕೊಟ್ಬಿಡಿ ಸಾರ್" ಎಂದು ನಗುತ್ತಾರೆ.

ನಿಮ್ಮ ಮಗಳನ್ನೇ ಕೇಳಬಹುದಲ್ಲ ಎನ್ನುತ್ತೀರಿ. ಕೇಳಿದೆ. "ಕಾರಿನ ಸುದ್ದಿ ನನ್ನ ಹತ್ರ ಎತ್ಬೇಡಿ" ಎಂದಳು. ವರ್ಕ್‌ಶಾಪಿನ ಬೋರ್ಡಿಗೆ 'ಅಪ್ಪ ಮತ್ತು ಮಗಳು' ಎಂದು ಬರೆಸೋಣ ಎಂದು ಅವಳು ಕೇಳಿದ್ದಕ್ಕೆ ನೀವು ಗಿರಾಕಿಗಳ ಎದುರೇ ನಕ್ಕಿರಂತೆ. ಅಂದಿನಿಂದ ಅವಳು ಬಾನೆಟ್ ಎತ್ತಿಲ್ಲ, ಸ್ಪ್ಯಾನರ್ ಮುಟ್ಟಿಲ್ಲ. ಅದರಲ್ಲಿ ನಾನು ತಲೆಹಾಕುವುದಿಲ್ಲ.

ನಮ್ಮ ಪುಟ್ಟಿಗೆ ಈಗ ನಾಲ್ಕು ವರ್ಷ. ದಿನಾ ಬೆಳಿಗ್ಗೆ ಅವಳನ್ನು ಶಾಲೆಗೆ ಬಿಟ್ಟು ನಾನು ಅಂಗಡಿಗೆ ಹೋಗುತ್ತೇನೆ. ಹಿಂದಿನ ಸೀಟಿನಲ್ಲಿ ಕೂತ ಸ್ವಲ್ಪ ಹೊತ್ತಿಗೇ ನಿದ್ದೆ ಹೋಗುತ್ತಾಳೆ. ಅಷ್ಟು ಸದ್ದಾದರೂ ಏಳುವುದಿಲ್ಲ, ಪುಣ್ಯಾತ್ಗಿತ್ತಿ.

ಉತ್ತರ ಅಂಗಡಿಯ ವಿಳಾಸಕ್ಕೇ ಬರಲಿ. ಮನೆಯದನ್ನು ಬೇಕೆಂದೇ ಬರೆದಿಲ್ಲ.

ಹೆದರುತ್ತಲೇ ಬರೆದ,
ನಿಮ್ಮ ಅಳಿಯ


ಅಕ್ಟೋಬರ್ ೧೨

ಅಳಿಯಂದಿರಿಗೆ. ಅಥವಾ ಗಾದೆಯವರು ಹೇಳುವ ಹಾಗೆ, ಅಳಿಯ ಅಲ್ಲ, ಮಗಳ ಗಂಡನಿಗೆ.

ಕಾಗದ ತಲುಪಿತು. ಪಟ್, ಪಟಾರ್ ಎಂದು ಬರೆದಿದ್ದೀರಿ. ಕನ್ನಡಕದವರಿಗೆ ಕಿವಿ ಇರುವುದು ಕಡ್ಡಿ ಸಿಕ್ಕಿಸುವುದಕ್ಕೆ ಮಾತ್ರ ಎಂದು ಕಾಣುತ್ತದೆ. ಒಂದೇ ಸಲ ಹೊಡೆಯುತ್ತದೆಯೋ ಸಾಲಾಗಿಯೋ? ಇಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ವೈದ್ಯರ ಹತ್ತಿರ ಹೋಗಿ "ನೋವು" ಎಂದಷ್ಟೇ ಹೇಳಿ ಕೂತರೆ ಅವರು ಎಲ್ಲಿ ಒತ್ತಿ ನೋಡಬೇಕು?

ಆಗುವುದು ಇಷ್ಟು. ಕಾಲು ತೆಗೆದಾಗ ಇಂಜಿನ್ನಿನಲ್ಲಿ ಉರಿಯದೆ ಉಳಿದ ಪೆಟ್ರೋಲು ಸೈಲೆನ್ಸರಿನ ಪೈಪಿಗೆ ಹೋಗುತ್ತದೆ. ಅಲ್ಲಿ ಗಾಳಿ ಸಿಕ್ಕಿದರೆ ಹೊತ್ತಿಕೊಂಡು ಹೊಡೆಯುತ್ತದೆ. ಕಾರಣ ಎರಡಿರಬಹುದು. ಕಾರ್ಬುರೇಟರ್ ಕೊಡುವ ಪೆಟ್ರೋಲು ಸಾಲದೆ ಇಂಜಿನ್ ಸರಿಯಾಗಿ ಉರಿಸದೆ ಇರುವುದು, ಇಲ್ಲವೇ ಪೈಪಿನ ಯಾವುದೋ ಸಂದಿನಿಂದ ಹೊರಗಿನ ಗಾಳಿ ನುಗ್ಗುವುದು.

ನನ್ನ ಪದ್ಧತಿ ಒಂದು ಸಲಕ್ಕೆ ಒಂದೇ. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ವಾಸಿಯಾಯಿತು ಎಂದು ಗೊತ್ತಾಗುವುದಿಲ್ಲ. ಈ ಸಲ ಪ್ಲಗ್ಗುಗಳನ್ನು ಬಿಚ್ಚಿ, ಅವುಗಳ ಮೂತಿ ಯಾವ ಬಣ್ಣ ಎಂದಷ್ಟೇ ಬರೆಯಿರಿ. ನೋಡುವುದಾದರೂ ನಿಮ್ಮ ಕಸುಬು ತಾನೇ.

ಮುಂದಿನ ಸೀಟುಗಳಲ್ಲಿ ನಿಮ್ಮ ಪಕ್ಕದ್ದನ್ನು ಹಿಂದಕ್ಕೆ ಸರಿಸಿದ್ದೀರಾ? ಅಲ್ಲಿ ಕೂರುವವರು ದಪ್ಪಗಾಗಿದ್ದರೆ ಸರಿಸಿರುತ್ತೀರಿ. ಟ್ಯೂನಿಂಗಿಗೆ ಇದೂ ಬೇಕು. ಹಿಂದಿನ ಸೀಟಿನ ಎಡಗಡೆ ಒಂದು ಸ್ಪ್ರಿಂಗು ಚುಚ್ಚುತ್ತದೆ, ಮಗುವನ್ನು ಬಲಗಡೆ ಮಲಗಿಸಿ.

ಪುಟ್ಟಿ ಎಂದು ಬರೆದಿದ್ದೀರಿ. ನನಗೆ ಒಬ್ಬಳು ಮೊಮ್ಮಗಳಿದ್ದಾಳೆ ಎಂದು ತಿಳಿದದ್ದು ಆ ಸಾಲಿನಲ್ಲಿ.

ಮಾವ


ಅಕ್ಟೋಬರ್ ೨೭

ಮಾವನವರಿಗೆ,

ಮೊದಲು ಪ್ಲಗ್ಗು. ನಾಲ್ಕೂ ಬಿಳಚಿಕೊಂಡಿವೆ. ಸುಣ್ಣದ ಬಿಳಿಯಲ್ಲ, ಸ್ವಲ್ಪ ಬೂದಿ ಬೆರೆತ ಬಿಳಿ. ನಡುವಿನ ಎರಡರ ಅಂಚಿನಲ್ಲಿ ತೀರಾ ತೆಳುವಾದ ಕಂದು ಇದೆಯೋ ಎಂದು ಅನುಮಾನಪಟ್ಟು ಭೂತಗನ್ನಡಿ ಹಾಕಿ ನೋಡಿದೆ, ಇಲ್ಲ. ಸದ್ದು ಸಾಲಾಗಿ ಬರುತ್ತದೆ, ಬಿಸಿಯಾದ ಮೇಲೆ ಜಾಸ್ತಿ.

ನೋಡುವುದು ನನ್ನ ಕಸುಬು ಎಂದಿರಲ್ಲ, ಇನ್ನೊಂದು ಕಂಡಿತು. ಸೈಲೆನ್ಸರಿನ ಪೈಪು ಇಂಜಿನ್ನಿಗೆ ಸೇರುವ ಜಾಗದಲ್ಲಿ, ಆ ಸಂದಿನ ಉದ್ದಕ್ಕೂ, ಇರುವೆ ಸಾಲಿನ ಹಾಗೆ ಒಂದು ಕಪ್ಪು ಗೆರೆ ಇದೆ. ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಎರಡು ದಿನ ಓಡಿಸಿದರೆ ಮತ್ತೆ ಬರುತ್ತದೆ. ಬೆಳಿಗ್ಗೆ ಇಂಜಿನ್ ಹಾಕಿದಾಗ ಅಲ್ಲೇ ಟಿಕ್ ಟಿಕ್ ಎನ್ನುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ. ಇದಕ್ಕೇನಾದರೂ ಅರ್ಥ ಇದೆಯೇ?

ಪಕ್ಕದ ಸೀಟು ಸರಿಸಿಲ್ಲ. ನಿಮ್ಮ ವರ್ಕ್‌ಶಾಪಿನಿಂದ ಹೊರಟಾಗ ಎಲ್ಲಿತ್ತೋ ಅಲ್ಲೇ ಇದೆ. ಆದರೆ ಅವಳು ಅಲ್ಲಿ ಕೂರುವುದು ಶನಿವಾರ ಮಾತ್ರ, ಪೇಟೆಗೆ ಬರುವಾಗ. ಎಷ್ಟೇ ಚಳಿ ಇದ್ದರೂ ತನ್ನ ಕಿಟಕಿಯನ್ನು ನಾಲ್ಕು ಬೆರಳು ಇಳಿಸಿಯೇ ಕೂರುತ್ತಾಳೆ. "ಹಿಂದಿಂದೂ ಇಳಿಸಿ" ಎನ್ನುತ್ತಾಳೆ. ಯಾಕೆ ಎಂದರೆ ಹೇಳುವುದಿಲ್ಲ. ಉಳಿದ ದಿನ ಮಗುವಿಗೆ ಶೀತವಾದೀತೆಂದು ನಾನು ಎಲ್ಲವನ್ನೂ ಮುಚ್ಚುತ್ತೇನೆ. ಸೈಲೆನ್ಸರ್ ಹೊಡೆದಾಗೆಲ್ಲ ಅವಳ ತೋರುಬೆರಳು ತೊಡೆಯ ಮೇಲೆ ತಾನಾಗಿ ಕುಟ್ಟುತ್ತದೆ. ಕೇಳದವಳ ಹಾಗೆ ಹೊರಗೆ ನೋಡುತ್ತಿರುತ್ತಾಳೆ.

ಪುಟ್ಟಿಗೆ ಈಚೆಗೆ ಶಾಲೆಯಲ್ಲಿ ತಲೆನೋವಂತೆ. ಪರೀಕ್ಷೆ ಮಾಡಿದೆ. ದೃಷ್ಟಿ ಸರಿಯಾಗಿಯೇ ಇದ್ದ ಹಾಗಿದೆ, ಆದರೂ ನನ್ನ ಸಮಾಧಾನಕ್ಕೆ ತೀರಾ ಕಡಿಮೆ ಪವರಿನ ಒಂದು ಜೊತೆ ಮಾಡಿಕೊಟ್ಟೆ. ಕೆಂಪು ಫ್ರೇಮು. ಮಲಗುವಾಗಲೂ ತೆಗೆಯುವುದಿಲ್ಲ.

ನಿಮ್ಮ ಅಳಿಯ, ಮಗಳ ಗಂಡ, ಎರಡೂ


ನವೆಂಬರ್ ೬

ಅಳಿಯಂದಿರಿಗೆ,

ಭೂತಗನ್ನಡಿ ಹಾಕಿ ಪ್ಲಗ್ಗು ನೋಡಿದ ಮೊದಲ ಮನುಷ್ಯ ನೀವೇ ಇರಬೇಕು. ನನ್ನ ನಲವತ್ತು ವರ್ಷದ ಕೆಲಸದಲ್ಲಿ ಇಷ್ಟು ಅಚ್ಚುಕಟ್ಟಾದ ವರದಿ ಯಾವ ಗಿರಾಕಿಯೂ ಕೊಟ್ಟಿಲ್ಲ. ನಿಮ್ಮನ್ನು ಅಂದು ಬಾಗಿಲಲ್ಲೇ ನಿಲ್ಲಿಸಿದ್ದು ವರ್ಕ್‌ಶಾಪಿಗೆ ನಷ್ಟ.

ಪ್ಲಗ್ಗು ಬಿಳಚಿದೆ ಎಂದರೆ ಪೆಟ್ರೋಲು ಸಾಲುತ್ತಿಲ್ಲ. ಕಾರ್ಬುರೇಟರಿನ ಬುಡದಲ್ಲಿ ಹಿತ್ತಾಳೆಯ ಒಂದು ಸಣ್ಣ ಸ್ಕ್ರೂ ಇದೆ, ಸುತ್ತ ಸ್ಪ್ರಿಂಗು ಇರುತ್ತದೆ. ಇಂಜಿನ್ ಬಿಸಿಯಾದ ಮೇಲೆ ಅದನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸಿ. ಅರ್ಧವೇ. ಪೆಟ್ರೋಲು ತುಸು ಜಾಸ್ತಿಯಾಗುತ್ತದೆ. ಎರಡು ವಾರ ಓಡಿಸಿ ಬರೆಯಿರಿ.

ಆ ಕಪ್ಪು ಗೆರೆಯ ವಿಷಯ ಇರಲಿ. ಅದನ್ನು ಕೊನೆಗೆ ನೋಡೋಣ. ಒಂದು ಸಲಕ್ಕೆ ಒಂದೇ ಎಂದು ಹೇಳಿದ್ದೇನಲ್ಲ.

ಮೊಮ್ಮಗಳಿಗೆ ಕೆಂಪು ಕನ್ನಡಕ ಎಂದು ಓದಿ ಒಬ್ಬನೇ ನಕ್ಕೆ. ಮೂಗು ಯಾರದ್ದು? ನಮ್ಮ ಕಡೆಯದ್ದಾದರೆ ಕನ್ನಡಕ ನಿಲ್ಲುತ್ತದೆ. ಈಗೀಗ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಕಾರಿನ ಅಡಿಯಿಂದ ಹೊರಗೆ ಬರುತ್ತೇನೆ. ಅವಸರದಲ್ಲಿ ನಿನ್ನೆ ಹಣೆ ಬಡಿದು ಊದಿದೆ. ನಿಧಾನವಾಗಿ, ವಿವರವಾಗಿ ಬರೆಯಿರಿ. ಅವಸರ ಏನೂ ಇಲ್ಲ.

ಮಾವ


ನವೆಂಬರ್ ೨೫

ಮಾವನವರಿಗೆ,

ನೀವು ಹೇಳಿದಂತೆ ಅರ್ಧ ಸುತ್ತು ತಿರುಗಿಸಿದೆ. ಸದ್ದು ಅರ್ಧಕ್ಕರ್ಧ ಇಳಿದಿದೆ. ಬೆನ್ನು ತಟ್ಟಿಕೊಂಡು ಇನ್ನೂ ಕಾಲು ಸುತ್ತು ನನ್ನ ಲೆಕ್ಕದಲ್ಲಿ ತಿರುಗಿಸಿದೆ, ಬೈಯಬೇಡಿ.

ಒಂದು ಸಂಗತಿ ಬರೆಯಲೇಬೇಕು. ಆ ಕಾಲು ಸುತ್ತಿಗೂ ಮೊದಲು, ಒಂದು ಶನಿವಾರ ಗುಡ್ಡ ಇಳಿಯುತ್ತಿದ್ದಾಗ ಅವಳು ಇದ್ದಕ್ಕಿದ್ದಂತೆ "ಸ್ಕ್ರೂ ಯಾರು ತಿರುಗಿಸಿದ್ದು?" ಎಂದು ಕೇಳಿದಳು. "ಅಂಗಡಿ ಹತ್ರ ಒಬ್ಬ ಮೆಕ್ಯಾನಿಕ್" ಎಂದು ಸುಳ್ಳು ಹೇಳಿದೆ. ಅವಳು ಹೊರಗೆ ನೋಡುತ್ತಲೇ, "ಅಪ್ಪಾನೂ ಹೀಗೇ ಅರ್ಧ ಸುತ್ತು ತಿರುಗಿಸೋದು" ಎಂದಳು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಅಪ್ಪ ಎಂಬ ಪದ ಕೇಳಿದ್ದು ಅದೇ ಮೊದಲು.

ಪುಟ್ಟಿ ಎರಡು ಸಲ ಕಾರಿನಲ್ಲಿ ವಾಂತಿ ಮಾಡಿಕೊಂಡಳು. ತಲೆನೋವು ಹೋಗಿಲ್ಲ. ಡಾಕ್ಟರು "ಪ್ರಯಾಣ ಒಗ್ಗಲ್ಲ, ದೊಡ್ಡವಳಾದ್ರೆ ಸರಿಹೋಗತ್ತೆ" ಎಂದರು. ಭಾನುವಾರ ಮಾತ್ರ ಆರಾಮಾಗಿ ಆಡುತ್ತಾಳೆ, ಆವತ್ತು ಕಾರು ಹೊರಗೆ ತೆಗೆಯುವುದಿಲ್ಲ. ನನಗೂ ಸಂಜೆ ಹೊತ್ತು ತಲೆ ಸಿಡಿಯುತ್ತದೆ, ಇಡೀ ದಿನ ಲೆನ್ಸು ತಿಕ್ಕುವುದರಿಂದ ಇರಬೇಕು.

ಮೂಗು ನಿಮ್ಮ ಕಡೆಯದ್ದೇ. ಕನ್ನಡಕ ಗಟ್ಟಿಯಾಗಿ ನಿಂತಿದೆ.

ನಿಮ್ಮ ಅಳಿಯ


ಡಿಸೆಂಬರ್ ೩

ಅಳಿಯಂದಿರಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಎಲ್ಲವನ್ನೂ ಅಲ್ಲ, ಆ ಒಂದು ಸಾಲನ್ನು. ಕಿವಿ ಎಂದರೆ ಅದು. ಅರ್ಧ ಸುತ್ತನ್ನು ಇಳಿಜಾರಿನಲ್ಲಿ ಕೂತು, ಕಿಟಕಿಯ ಗಾಳಿಯ ನಡುವೆ ಕೇಳಿ ಗುರುತಿಸಿದಳಲ್ಲ! ಈ ಸುತ್ತಮುತ್ತಲಲ್ಲಿ ಅಂಥ ಇನ್ನೊಂದು ಜೊತೆ ಕಿವಿ ಇಲ್ಲ. ಇದನ್ನು ಅವಳಿಗೆ ಹೇಳುವುದು ಬೇಡ. ಅಥವಾ ಹೇಳಿ. ನಿಮಗೆ ಬಿಟ್ಟದ್ದು.

ಇನ್ನೊಂದು ಅರ್ಧ ಸುತ್ತು ಎಡಕ್ಕೆ ತಿರುಗಿಸಿ. ಆಗ ಏನೆನ್ನುತ್ತಾಳೆ ನೋಡಿ ಬರೆಯಿರಿ. ಸದ್ದು ಪೂರ್ತಿ ಹೋಗದಿದ್ದರೂ ಗಾಬರಿ ಬೇಡ, ತಾಳಿದವನು ಬಾಳಿಯಾನು. ಆಮೇಲೆ ಆ ಸಂದಿನ ಗ್ಯಾಸ್ಕೆಟ್, ಅಂದರೆ ಸೋರದಂತೆ ನಡುವೆ ಕೂರಿಸುವ ಹಾಳೆ, ಅದರ ವಿಷಯಕ್ಕೆ ಬರೋಣ. ಅದಕ್ಕೆ ಬಹುಶಃ ಯಾರಾದರೂ ತಿಳಿದವರೇ ಅಲ್ಲಿಗೆ ಬಂದು ಕೈಹಾಕಬೇಕಾದೀತು.

ಪುಟ್ಟಿಯ ವಾಂತಿಗೆ ಹೆದರಬೇಡಿ. ಅವಳಮ್ಮನೂ ಅದೇ ಸೀಟಿನಲ್ಲಿ ಚಿಕ್ಕವಳಿದ್ದಾಗ ನನ್ನ ಅಂಗಿಯ ಮೇಲೆಲ್ಲ ಮಾಡಿದ್ದಾಳೆ. ನೂಲಿನಂತೆ ಸೀರೆ.

ಮಾವ


ಡಿಸೆಂಬರ್ ೧೪

ಮಾವನವರಿಗೆ,

ಗೆದ್ದೆವು! ಸದ್ದು ನಿಂತುಹೋಯಿತು. ಪೂರ್ತಿ. ಗುಡ್ಡದ ತಲೆಯಿಂದ ಬುಡದವರೆಗೆ ಒಂದು ಪಟ್ ಕೂಡ ಇಲ್ಲ. ನಿಮ್ಮ ಕೈಗುಣ ಅಂಚೆಯಲ್ಲೂ ಹೋಗುತ್ತದೆ ಎಂದಾಯಿತು. ಇಂಜಿನ್ ಸ್ವಲ್ಪ ಗುಡುಗುಡು ಎನ್ನುತ್ತದೆ, ಹೊಗೆ ತುಸು ಕಪ್ಪಗಿದೆ, ಅಷ್ಟೇ.

ಶನಿವಾರ ಅವಳು ಕಿವಿಗೊಟ್ಟು ಕೂತಿದ್ದಳು. ಬುಡಕ್ಕೆ ಬಂದಾಗ ತನ್ನ ಕಿಟಕಿಯನ್ನು ಮೇಲಕ್ಕೆ ತಿರುಗಿಸಿ ಪೂರ್ತಿ ಮುಚ್ಚಿದಳು. ತಿರುಗಿ ನೋಡಿದರೆ ಕಣ್ಣಲ್ಲಿ ನೀರು. "ಚಳಿ" ಎಂದಳು.

ಅದೇ ಖುಷಿಯಲ್ಲಿ ಅಂಗಡಿಗೆ ಬೀಗ ಹಾಕಿ ಎರಡು ವಾರ ಸಮುದ್ರದ ಕಡೆ ಹೋಗಿ ಬರೋಣ ಎಂದು ತೀರ್ಮಾನಿಸಿದ್ದೇವೆ. ಇಡೀ ದಿನದ ದಾರಿ. ಇಪ್ಪತ್ತೆರಡಕ್ಕೆ ಬೆಳಿಗ್ಗೆ ಹೊರಡುತ್ತೇವೆ. ಪುಟ್ಟಿ ತನ್ನ ಮೂರು ಚಕ್ರದ ಸೈಕಲ್ ಬಿಟ್ಟು ಬರುವುದಿಲ್ಲವಂತೆ. ಅದನ್ನು ಡಿಕ್ಕಿಗೆ ತುರುಕಿದರೆ ಬಾಗಿಲು ಮುಚ್ಚುವುದಿಲ್ಲ, ಹಗ್ಗ ಹಾಕಿ ಕಟ್ಟುತ್ತೇನೆ. ಹಿಂದಿನ ಸೀಟಿನಲ್ಲಿ ಹಾಸಿಗೆಯನ್ನೇ ಹಾಕಿದ್ದೇನೆ. ಬಲಗಡೆ. ದಾರಿಯುದ್ದಕ್ಕೂ ಮಲಗಿ ಬರುತ್ತಾಳೆ.

ಸಮುದ್ರದ ಬದಿಯಲ್ಲಿ ಒಂದು ದಿನ ಅವಳ ಮನಸ್ಸು ನೋಡಿಕೊಂಡು ನಮ್ಮ ಕಾಗದಗಳ ವಿಷಯ ಹೇಳಿಬಿಡುತ್ತೇನೆ.

ನಿಮ್ಮ ಅಳಿಯ


ಟೆಲಿಗ್ರಾಂ, ಡಿಸೆಂಬರ್ ೨೨, ಮಧ್ಯಾಹ್ನ

ಕಾರು ಹೊರಡಿಸಬೇಡಿ. ಹೊರಟಿದ್ದರೆ ನಿಲ್ಲಿಸಿ. ಎಲ್ಲ ಕಿಟಕಿ ತೆರೆಯಿರಿ. ಮಗುವನ್ನು ಎಬ್ಬಿಸಿ.

ಮಾವ


ಡಿಸೆಂಬರ್ ೨೩, ನಿನ್ನ ಅಂಗಡಿಯ ಮೆಟ್ಟಿಲು

ಮಗನೇ, ಅಳಿಯಾ,

ನಿನ್ನ ಕಾಗದ ನನಗೆ ಸಿಕ್ಕಿದ್ದು ನಿನ್ನೆ ಮಧ್ಯಾಹ್ನ. ಟೆಲಿಗ್ರಾಂ ಕೊಟ್ಟು ಸಿಕ್ಕ ಬಸ್ಸು ಹತ್ತಿದೆ. ಈಗ ನಿನ್ನ ಅಂಗಡಿಯ ಮುಂದೆ ಕೂತಿದ್ದೇನೆ. ಶಟರಿನ ಅಡಿಯಲ್ಲಿ ನನ್ನ ಟೆಲಿಗ್ರಾಮಿನ ಮೂಲೆ ಕಾಣುತ್ತಿದೆ. ಬೆರಳು ಹಾಕಿ ಎಳೆದರೆ ಬರುತ್ತದೆ. ಎಳೆದು ಯಾರಿಗೆ ಕೊಡಲಿ?

ಪಕ್ಕದ ದರ್ಜಿ ಮನೆ ತೋರಿಸಿದ. "ನಿನ್ನೆ ಬೆಳಿಗ್ಗೆನೇ ಹೋದ್ರಲ್ಲ. ಈಗ ಕಾರು ಎಷ್ಟು ಸದ್ದಿಲ್ಲದೆ ಹೋಗತ್ತೆ ಅಂತೀರಿ!" ಎಂದ. ಯಾವ ಊರಿಗೆ ಎಂದರೆ ಅವನಿಗೆ ಗೊತ್ತಿಲ್ಲ. ಮನೆಗೆ ಬೀಗ. ಮೆಟ್ಟಿಲ ಮೇಲೆ ಮಣ್ಣು ಹತ್ತಿದ ಒಂದು ಜೊತೆ ಸಣ್ಣ ಬೂಟು ಇದೆ, ನನ್ನ ಅಂಗೈಯಷ್ಟುದ್ದ. ಕಾರು ನಿಲ್ಲುವ ಜಾಗದಲ್ಲಿ, ಸೈಲೆನ್ಸರ್ ಮುಖ ಮಾಡುವ ಗೋಡೆಯ ಮೇಲೆ, ತಟ್ಟೆಯಗಲ ಮಸಿ ಹಿಡಿದಿದೆ. ಒರೆಸಿ ನೋಡಿದೆ. ಬೆರಳು ಪೂರ್ತಿ ಕಪ್ಪಾಯಿತು. ಅದು ನಾನು ಕಾಗದದಲ್ಲಿ ತಿರುಗಿಸಿದ ಸ್ಕ್ರೂ.

ಕೇಳು. ಆ ಕಪ್ಪು ಗೆರೆ ಇದ್ದಲ್ಲಿ ಗ್ಯಾಸ್ಕೆಟ್ ಸುಟ್ಟಿದೆ. ಅಲ್ಲಿಂದ ಗಾಳಿ ಒಳಗೆ ಹೋಗುತ್ತಿತ್ತು, ಅದಕ್ಕೇ ಹೊಡೆಯುತ್ತಿತ್ತು. ಗಾಳಿ ಒಳಗೆ ಹೋಗುವ ದಾರಿಯಲ್ಲೇ ಹೊಗೆ ಹೊರಗೂ ಬರುತ್ತದೆ. ಬಂದು ಕಾರಿನ ಒಳಗೆ ತುಂಬುತ್ತದೆ. ಪೆಟ್ರೋಲು ಜಾಸ್ತಿ ಮಾಡಿದಷ್ಟೂ ಆ ಹೊಗೆಯಲ್ಲಿ ವಿಷ ಜಾಸ್ತಿ. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಂತಿ, ನಿದ್ದೆ, ಇಷ್ಟೇ ಅದರ ಗುರುತು. ಭಾನುವಾರ ಕಾರಿಲ್ಲ, ಭಾನುವಾರ ತಲೆನೋವೂ ಇಲ್ಲ. ನೀನು ಎಲ್ಲವನ್ನೂ ಬರೆದಿದ್ದೆ. ನಾವು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆವು. ಈಗ ಡಿಕ್ಕಿಯ ಬಾಗಿಲೂ ತೆರೆದಿದೆ, ಹಿಂದಿನ ಹೊಗೆಯೂ ಒಳಗೇ ನುಗ್ಗುತ್ತದೆ. ಕಿಟಕಿ ಎಲ್ಲ ಮುಚ್ಚಿದೆ. ಸದ್ದೊಂದು ಇತ್ತು ಎಚ್ಚರಿಸುವುದಕ್ಕೆ, ಅದರ ಬಾಯನ್ನೂ ನಾನು ಮುಚ್ಚಿದೆ.

ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಮೊದಲು ಈ ಬೀದಿಯಲ್ಲೇ ಕಾಯೋಣ ಎಂದುಕೊಂಡೆ. ಆಮೇಲೆ, ಏನಾದರೂ ಆಗಿದ್ದರೆ ಸುದ್ದಿ ಬರುವುದು ನನ್ನ ಬಾಗಿಲಿಗೆ ಎಂದು ಹೊಳೆಯಿತು. ವಾಪಸ್ಸು ಹೋಗುತ್ತಿದ್ದೇನೆ. ಇಂಥ ಭಯ ನನಗೆ ಯಾವತ್ತೂ ಆಗಿರಲಿಲ್ಲ. ಜಾಕ್ ಜಾರಿ ಎದೆಯ ಮೇಲೆ ಕಾರು ಬಂದಾಗಲೂ ಆಗಿರಲಿಲ್ಲ.

ಇದನ್ನು ಓದಿದ ನಿಮಿಷವೇ ಒಂದು ಸಾಲು ಹಾಕು. ಒಂದೇ ಸಾಲು ಸಾಕು.

ಮಾವ


ಜನವರಿ ೫

ಮಗಳೇ,

ನಿನ್ನ ಮನೆಯ ವಿಳಾಸ ಈಗ ನನಗೆ ಗೊತ್ತು. ಅದಕ್ಕೇ ನಿನಗೇ ಬರೆಯುತ್ತಿದ್ದೇನೆ.

ಏನೂ ಸುದ್ದಿಯಿಲ್ಲ. ಅಂಚೆಯವನು ಈಗ ನನ್ನ ಬಾಗಿಲು ದಾಟುವವರೆಗೆ ಗಂಟೆ ಬಾರಿಸುವುದಿಲ್ಲ. ಪೇಪರಿನಲ್ಲಿ ರಸ್ತೆ ಅಪಘಾತದ ಪುಟವನ್ನು ಎದುರು ಅಂಗಡಿಯವನ ಕೈಲಿ ಓದಿಸುತ್ತೇನೆ, ನನ್ನ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಗಿರಾಕಿಗಳು ಬ್ರೇಕ್ ಸರಿಮಾಡಿ ಎಂದು ಬಿಟ್ಟುಹೋದ ಕಾರುಗಳಿಗೂ ನಾನು ಮೊದಲು ಸೈಲೆನ್ಸರ್ ಸಂದನ್ನು ಕೈಯಿಟ್ಟು ನೋಡುತ್ತೇನೆ. ಬೆರಳು ಸುಟ್ಟುಕೊಂಡಿದ್ದೇನೆ. "ಅಜ್ಜನಿಗೆ ಅರಳುಮರಳು" ಎಂದು ಆಡಿಕೊಳ್ಳುತ್ತಿದ್ದಾರೆ.

ನೀನು ಬೈದು ಬರೆ. ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದು ಬರೆ. ಖಾಲಿ ಹಾಳೆ ಮಡಚಿ ಹಾಕಿದರೂ ಸರಿ. ಪುಟ್ಟಿ ಇದ್ದಾಳೆ ಎಂದು ತಿಳಿದುಕೊಳ್ಳುತ್ತೇನೆ.

ಅಪ್ಪ


ಜನವರಿ ೧೧

ಅಪ್ಪ,

ಪುಟ್ಟಿ ಇದ್ದಾಳೆ. ಇದನ್ನು ಮೊದಲು ಓದಿಕೋ. ಮುಂದಿನದ್ದನ್ನು ನೀರು ಕುಡಿದು ಓದು.

ಆವತ್ತು ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಚಳಿ ಇದ್ದದ್ದಕ್ಕೆ ಇವರು ಇಂಜಿನ್ ಆರಿಸಲಿಲ್ಲ. ನನಗೂ ತಲೆ ಭಾರವಾಗಿತ್ತು, ಶೀತ ಅಂದುಕೊಂಡೆ. ಪುಟ್ಟಿಗೆ ನೀರು ಕೊಡೋಣ ಎಂದು ತಿರುಗಿದೆ. ಕನ್ನಡಕ ಕುತ್ತಿಗೆಗೆ ಜಾರಿತ್ತು. ಕೆನ್ನೆ ಎಷ್ಟು ಕೆಂಪಗೆ, ಎಷ್ಟು ಚೆನ್ನಾಗಿ ಇತ್ತು ಎಂದರೆ, ನಾನು ನೋಡುತ್ತಾ ಕೂತೆ. ಕರೆದೆ, ಏಳಲಿಲ್ಲ. ಕೈ ಹಿಡಿದೆ, ಬಿಟ್ಟರೆ ಬಿದ್ದುಹೋಯಿತು. ಆಗ ಗೊತ್ತಾಯಿತು. ಗೊತ್ತಾಯಿತು ಅಪ್ಪ, ಆದರೆ ಬಾಗಿಲಿನ ಹಿಡಿ ಕೈಗೆ ಸಿಗಲಿಲ್ಲ. ನಾನೇ ಜೋಡಿಸಿದ ಹಿಡಿ. ಇವರನ್ನು ಅಲ್ಲಾಡಿಸಿದೆ, ಸ್ಟೀರಿಂಗ್ ಮೇಲೆ ತಲೆಯಿಟ್ಟಿದ್ದರು. ನನ್ನ ಬಾಯಿಂದ ಸದ್ದು ಬರಲಿಲ್ಲ.

ಗೇಟು ತೆರೆದರೂ ನಾವು ಕದಲಲಿಲ್ಲವಲ್ಲ, ಹಿಂದಿದ್ದ ಲಾರಿಯವನು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಜಗಳಕ್ಕೆ ಬಂದ. "ಏನ್ರೀ, ಕಾರಲ್ಲೇ ಸಂಸಾರ ಹೂಡಿದ್ದೀರಾ?" ಎಂದು ಕೂಗುತ್ತಲೇ ಬಾಗಿಲು ಕಿತ್ತು ತೆಗೆದ. ಆ ಮುಂಗೋಪಿ ಇಲ್ಲದಿದ್ದರೆ ಈ ಕಾಗದ ಇರುತ್ತಿರಲಿಲ್ಲ. ಪುಟ್ಟಿಯನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಯವರೆಗೆ ಅವನೇ ಓಡಿದ.

ಅಲ್ಲೇ ಇದ್ದೆವು, ಮೊನ್ನೆವರೆಗೆ. ಈಗ ಮನೆಗೆ ಬಂದಿದ್ದೇವೆ. ಪುಟ್ಟಿ ಗೋಡೆ ಹಿಡಿದು ನಡೆಯುತ್ತಾಳೆ. ಮಾತು ಬಂದಿದೆ, ಆದರೆ ಕೆಲವು ಪದ ಸಿಗುವುದಿಲ್ಲ. ಚಮಚವನ್ನು "ಅದು" ಎನ್ನುತ್ತಾಳೆ, ಬಾಗಿಲನ್ನೂ "ಅದು". ಡಾಕ್ಟರು ಬರುತ್ತದೆ ಎನ್ನುತ್ತಾರೆ. ಬರುತ್ತದೆ ಎನ್ನುವಾಗ ನನ್ನ ಮುಖ ನೋಡುವುದಿಲ್ಲ. ಅವಳು ನಿದ್ದೆ ಹೋದರೆ ನನಗೆ ಜೀವ ಬಾಯಿಗೆ ಬರುತ್ತದೆ. ಎಬ್ಬಿಸಿ ಅಳಿಸುತ್ತೇನೆ. ಅಳು ಕೇಳಿದರೆ ಧೈರ್ಯ. ಇವರು ಅಂಗಡಿ ತೆರೆದಿಲ್ಲ, ಕೆಂಪು ಕನ್ನಡಕ ಒರೆಸುತ್ತಾ ಕೂತಿರುತ್ತಾರೆ.

ನಿನ್ನ ಕಾಗದಗಳನ್ನೆಲ್ಲ ಇವರು ನನ್ನ ಮುಂದೆ ಇಟ್ಟರು. ಎಲ್ಲವನ್ನೂ ಓದಿದೆ.

ನಾನು ಮೊದಲ ದಿನವೇ ಕೇಳಿದ್ದೆ ಅಪ್ಪ. ಗ್ಯಾಸ್ಕೆಟ್ ಹೋಗಿದೆ ಎಂದು ಆ ಟಿಕ್ ಟಿಕ್ ಕೇಳಿದಾಗಲೇ ಗೊತ್ತು. ಅದಕ್ಕೇ ಕಿಟಕಿ ಇಳಿಸುತ್ತಿದ್ದೆ. ಬಾಯಿ ಬಿಟ್ಟು ಹೇಳಿದರೆ ಸ್ಪ್ಯಾನರ್ ಹಿಡಿಯಬೇಕಾಗುತ್ತದೆ, ಹಿಡಿದರೆ ನಿನ್ನೆದುರು ಸೋತ ಹಾಗೆ ಎಂದು ಬಿಗಿದುಕೊಂಡು ಕೂತೆ. ಉಳಿದ ದಿನ ಇವರು ಕಿಟಕಿ ಮುಚ್ಚುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ. ಇವರಿಗೆ ಕಣ್ಣಿತ್ತು, ನಮ್ಮಿಬ್ಬರಿಗೆ ಕಿವಿಯಿತ್ತು, ಬಾಯಿ ಮಾತ್ರ ಯಾರಿಗೂ ಇರಲಿಲ್ಲ.

ಅರ್ಧ ಸುತ್ತು ಕೇಳಿದಾಗಲೇ ಅದು ನೀನು ಎಂದು ಗುರುತು ಸಿಕ್ಕಿತ್ತು. ಇವರು ಗುಟ್ಟಾಗಿ ಬರೆಯುತ್ತಿದ್ದಾರೆ, ನೀನು ಉತ್ತರ ಕೊಡುತ್ತಿದ್ದೀಯ ಎಂದು ಒಳಗೊಳಗೇ ಖುಷಿಪಟ್ಟೆ. ಸದ್ದು ಪೂರ್ತಿ ನಿಂತ ದಿನ, ಅಪ್ಪ ಗ್ಯಾಸ್ಕೆಟ್ ಕಳಿಸಿ ಹಾಕಿಸಿದ್ದಾನೆ ಅಂದುಕೊಂಡೆ. ಬೇರೆ ಯೋಚನೆಯೇ ಬರಲಿಲ್ಲ. ನೀನು ಇಂಥದ್ದನ್ನು ಅರ್ಧಕ್ಕೆ ಬಿಡುವವನಲ್ಲ. ಆ ನಂಬಿಕೆಯ ಮೇಲೆ ನನ್ನ ಕೈಯಾರೆ ಕಿಟಕಿ ಮುಚ್ಚಿದೆ.

"ಸೋರೋದು ಮೊದಲು, ಸ್ಕ್ರೂ ಆಮೇಲೆ." ನಾನು ಸ್ಪ್ಯಾನರ್ ಹಿಡಿದ ಮೊದಲ ದಿನ ನೀನು ಹೇಳಿಕೊಟ್ಟ ಪಾಠ. ಮರೆತು ಸ್ಕ್ರೂ ಮುಟ್ಟಿದ್ದಕ್ಕೆ ಒಮ್ಮೆ ಕೈಮೇಲೆ ಹೊಡೆದಿದ್ದೆ. ಇವರು ಆ ಕಪ್ಪು ಗೆರೆಯನ್ನು ಚಿತ್ರ ಬರೆದ ಹಾಗೆ ಬರೆದಿದ್ದಾರೆ. ನೀನು "ಅದನ್ನು ಕೊನೆಗೆ ನೋಡೋಣ" ಎಂದಿದ್ದೀಯ. "ಅವಸರ ಏನೂ ಇಲ್ಲ" ಎಂದಿದ್ದೀಯ.

ಆವತ್ತೇ ನಿನಗೆ ಗೊತ್ತಿತ್ತಾ, ಇಲ್ಲವಾ? ಗೊತ್ತಿದ್ದೂ ಕಾಗದಗಳು ನಿಂತುಹೋಗುತ್ತವೆ ಎಂದು ಎಳೆದೆಯಾ?

ಇದಕ್ಕೊಂದು ಉತ್ತರ ಬೇಕು. ಬರೆದು ಹಾಕಬೇಡ. ಬಂದು ಹೇಳು.

ನಿನ್ನ ಮಗಳು


ಜನವರಿ ೧೭

ಮಗಳೇ,

ನಾಳೆ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಈ ಕಾಗದಕ್ಕಿಂತ ಮೊದಲು ನಾನೇ ತಲುಪಬಹುದು, ಆದರೂ ಹಾಕುತ್ತಿದ್ದೇನೆ. ದಾರಿಯಲ್ಲಿ ಧೈರ್ಯ ಸಾಲದೆ ನಡುವೆ ಎಲ್ಲಾದರೂ ಇಳಿದುಬಿಟ್ಟರೆ, ಹೊರಟಿದ್ದೆ ಎಂಬುದಕ್ಕಾದರೂ ಇದು ಇರಲಿ. ಇಳಿಯುವುದಿಲ್ಲ.

ಹೊಸ ಗ್ಯಾಸ್ಕೆಟ್ ತಂದಿಟ್ಟುಕೊಂಡಿದ್ದೇನೆ. ಅದನ್ನು ಕೂರಿಸುವುದು ನಾನಲ್ಲ. ನೀನು ಕೂರಿಸಿದರೆ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಲ್ಲುತ್ತೇನೆ, ಬೇಡವೆಂದರೆ ಕಾರನ್ನು ಗುಜರಿಗೆ ಎಳೆಸೋಣ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಬಾರದು ಎಂದಿದ್ದೀಯ, ಬರೆಯುವುದಿಲ್ಲ. ಹೇಳುವಾಗ ಪುಟ್ಟಿ ಎದುರಿಗೆ ಇರುವುದು ಬೇಡ. ಅವಳಿಗೆ ಪದಗಳು ಒಂದೊಂದಾಗಿ ವಾಪಸ್ಸು ಬರುವ ಹೊತ್ತಿನಲ್ಲಿ ಅಜ್ಜನ ಬಾಯಿಂದ ಮೊದಲು ಕೇಳುವುದು ಅದಾಗಬಾರದು. ನಿನಗೆ ಹೆದರುವುದಕ್ಕಿಂತ ಅವಳಿಗೆ ಹೆದರುತ್ತೇನೆ.

ನಾನು ಬಂದಾಗ ಬಾಗಿಲು ತೆರೆಯದಿದ್ದರೂ ಬೇಸರವಿಲ್ಲ, ಹೊರಗೇ ನಿಂತು ಹೇಳುತ್ತೇನೆ. ಕಿಟಕಿ ಮಾತ್ರ ತೆರೆದಿಡು.

ಅಪ್ಪ